ಹಿಡಿತ ತಪ್ಪಿದ ಮೇಲೆ

1976ರ ಫೆಬ್ರವರಿ 15. ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ 500 ಮೈಲಿಗಳ ಸ್ಟಾಕ್ ಕಾರ್ ಪಂದ್ಯದ ಕೊನೆಯ ಸುತ್ತು. ಗೆಲುವಿಗಾಗಿ ಸೆಣಸುತ್ತಿದ್ದವರು ಇಬ್ಬರು: ರಿಚರ್ಡ್ ಪೆಟಿ ಮತ್ತು ಡೇವಿಡ್ ಪಿಯರ್ಸನ್. ನಾಲ್ಕನೆಯ ತಿರುವಿನಿಂದ ಹೊರಬರುವಾಗ ಎರಡು ಕಾರುಗಳೂ ಒಂದಕ್ಕೊಂದು ತಾಗಿದವು. ಪಿಯರ್ಸನ್ನರ ಕಾರು ಹೊರಗೋಡೆಗೆ ಮೂತಿ ಬಡಿದು ಗಿರಕಿ ಹೊಡೆಯಿತು. ಪೆಟಿಯವರ ಕಾರು ಒಂದೆರಡು ಸಲ ಬಾಲ ಬೀಸಿ, ಇನ್ನೇನು ನೆಟ್ಟಗಾಯಿತು ಎನ್ನುವಷ್ಟರಲ್ಲಿ ಅದೂ ಗೋಡೆಗೆ ಬಡಿದು, ಒಳಬಯಲಿನ ಹುಲ್ಲಿಗೆ ಜಾರಿ ನಿಂತಿತು. ಗೆಲುವಿನ ಗೆರೆ ಕಣ್ಣೆದುರಿಗೇ ಇತ್ತು; ಆದರೆ ಎಂಜಿನ್ ಆರಿಹೋಗಿತ್ತು. ಪಿಯರ್ಸನ್ ಮಾತ್ರ ಗಿರಕಿಯ ನಡುವೆಯೇ ಕ್ಲಚ್ಚನ್ನು ಒತ್ತಿ ಹಿಡಿದು ಎಂಜಿನ್ ಆರದಂತೆ ನೋಡಿಕೊಂಡಿದ್ದರು. ನುಜ್ಜುಗುಜ್ಜಾದ ಆ ಕಾರನ್ನು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ತೆವಳಿಸಿಕೊಂಡು ಅವರು ಗೆರೆ ದಾಟಿದರು. ಗಂಟೆಗೆ 300 ಕಿಲೋಮೀಟರಿನ ವೇಗಕ್ಕೆ ಹೆಸರಾದ ಪಂದ್ಯವೊಂದನ್ನು, ಸೈಕಲ್ ಸವಾರನೂ ಸರಿಗಟ್ಟಬಹುದಾದ ವೇಗದಲ್ಲಿ ಗೆದ್ದರು.

ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವೇಗದ ಲೆಕ್ಕ ಇಡುತ್ತಾರೆ, ಗೆಲುವುಗಳ ಲೆಕ್ಕ ಇಡುತ್ತಾರೆ. ಪಿಯರ್ಸನ್ ತಮ್ಮ ಬದುಕಿನಲ್ಲಿ 105 ಪಂದ್ಯಗಳನ್ನೂ ಪೆಟಿ 200 ಪಂದ್ಯಗಳನ್ನೂ ಗೆದ್ದರು. ಇಬ್ಬರೂ ಮೊದಲೆರಡು ಸ್ಥಾನಗಳನ್ನು ಹಂಚಿಕೊಂಡ ಪಂದ್ಯಗಳೇ 63. ಆದರೆ ಆ ದಿನದ ಫಲಿತಾಂಶವನ್ನು ನಿರ್ಣಯಿಸಿದ್ದು ವೇಗವಲ್ಲ, ವಾಹನದ ಮೇಲಿನ ಹಿಡಿತ ಸಂಪೂರ್ಣವಾಗಿ ತಪ್ಪಿಹೋದ ಮೇಲಿನ ಮೂರು ನಾಲ್ಕು ಕ್ಷಣಗಳಲ್ಲಿ ಒಂದು ಕಾಲು ಮಾಡಿದ ಕೆಲಸ. ಹಿಡಿತ ತಪ್ಪಿದ ಮೇಲೆ ಏನು ಮಾಡಬೇಕು ಎಂಬ ಈ ಪ್ರಶ್ನೆಗೆ ಸ್ಟಾಕ್ ಕಾರ್ ಪಂದ್ಯಗಳ ಲೋಕ ಮುಕ್ಕಾಲು ಶತಮಾನದಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳು ಬದಲಾದ ಬಗೆಯನ್ನು ಗಮನಿಸಿದರೆ, ಒಬ್ಬ ಮನುಷ್ಯನ ಕುಶಲತೆ ಎಲ್ಲಿ ಮುಗಿಯುತ್ತದೆ, ವ್ಯವಸ್ಥೆಯ ಹೊಣೆ ಎಲ್ಲಿ ಆರಂಭವಾಗುತ್ತದೆ ಎಂಬುದರ ಕಥೆಯೂ ಕಾಣಿಸುತ್ತದೆ.

ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಮಾರಾಟಕ್ಕೆ ದಾಸ್ತಾನಿರುವ ಕಾರು ಎಂದರ್ಥ. ಪಂದ್ಯಕ್ಕೆಂದೇ ಕಟ್ಟಿದ ಯಂತ್ರವಲ್ಲ, ಊರವರೆಲ್ಲ ಓಡಿಸುವ ಕಾರೇ ಪಂದ್ಯಕ್ಕಿಳಿಯಬೇಕು ಎಂಬುದು ಮೂಲ ಕಲ್ಪನೆ. ಈ ಕ್ರೀಡೆಯ ಬೇರುಗಳಲ್ಲಿ ಒಂದು ಅಪಲೇಶಿಯನ್ ಬೆಟ್ಟಸಾಲಿನ ಕಳ್ಳಭಟ್ಟಿಯಲ್ಲಿದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ನಿಷೇಧ ತೊಲಗಿದ ಮೇಲೂ ತೆರಿಗೆ ತಪ್ಪಿಸಿ ಮದ್ಯ ಸಾಗಿಸುವ ದಂಧೆ ನಿಲ್ಲಲಿಲ್ಲ. ರಾತ್ರಿಯ ಹೊತ್ತು, ದೀಪ ಆರಿಸಿ, ಮಣ್ಣಿನ ಘಾಟಿ ರಸ್ತೆಗಳಲ್ಲಿ ಅಬಕಾರಿಯವರ ಕೈಗೆ ಸಿಗದೆ ಓಡಿಸಬೇಕಿದ್ದ ಯುವಕರಿಗೆ ಜಾರುವುದು ಅಪಘಾತವಾಗಿರಲಿಲ್ಲ, ಉಪಾಯವಾಗಿತ್ತು. ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಕಿರಿದಾದ ರಸ್ತೆಯಲ್ಲಿ ಕಾರನ್ನು ಅರ್ಧ ಗಿರಕಿ ತಿರುಗಿಸಿ, ಬೆನ್ನಟ್ಟಿ ಬಂದವರ ಪಕ್ಕದಿಂದಲೇ ಹಿಂದಕ್ಕೆ ಓಡಿಹೋಗುವ ತಂತ್ರ ಉತ್ತರ ಕೆರೊಲೈನಾದ ಜೂನಿಯರ್ ಜಾನ್ಸನ್ ಅವರ ಹೆಸರಿನೊಂದಿಗೆ ಅಂಟಿಕೊಂಡಿದೆ. ಜಾನ್ಸನ್ ರಸ್ತೆಯಲ್ಲಿ ಎಂದೂ ಸಿಕ್ಕಿಬೀಳಲಿಲ್ಲ. 1956ರಲ್ಲಿ ತಂದೆಯ ಭಟ್ಟಿಯ ಬಳಿ ಬಂಧಿತರಾಗಿ ಸೆರೆವಾಸ ಅನುಭವಿಸಿದರು. 1960ರಲ್ಲಿ ಅವರೇ ಡೇಟೋನಾ 500 ಗೆದ್ದರು. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನವೂ ದೊರೆಯಿತು.

ನಾಸ್ಕಾರ್ ಎಂಬ ಸಂಸ್ಥೆ ರೂಪುಗೊಂಡದ್ದು 1947ರ ಡಿಸೆಂಬರಿನಲ್ಲಿ ಡೇಟೋನಾ ಬೀಚಿನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಬಿಲ್ ಫ್ರಾನ್ಸ್ ಕರೆದ ಸಭೆಯಲ್ಲಿ. ಅದರ ಹೊಸ ಶ್ರೇಣಿಯ ಮೊದಲ ಪಂದ್ಯ 1949ರ ಜೂನ್ 19ರಂದು ಷಾರ್ಲಟ್ ನಗರದ ಮಣ್ಣಿನ ಪಥದಲ್ಲಿ ನಡೆಯಿತು. ಮೊದಲು ಗೆರೆ ದಾಟಿದವರು ಗ್ಲೆನ್ ಡನವೇ. ಪಂದ್ಯದ ನಂತರ ತಪಾಸಣೆ ಮಾಡಿದಾಗ ಅವರ ಫೋರ್ಡ್ ಕಾರಿನ ಹಿಂಭಾಗದ ಸ್ಪ್ರಿಂಗುಗಳನ್ನು ಅಗಲಿಸಿರುವುದು ಕಂಡಿತು. ಮದ್ಯದ ಭಾರ ಹೊತ್ತ ಕಾರು ತಿರುವುಗಳಲ್ಲಿ ಓಲಾಡದೆ ನೆಲ ಕಚ್ಚಿ ನಿಲ್ಲಲಿ ಎಂದು ಕಳ್ಳಸಾಗಣೆದಾರರು ಮಾಡಿಸಿಕೊಳ್ಳುತ್ತಿದ್ದ ಏರ್ಪಾಡು ಅದು. ಡನವೇ ಅನರ್ಹರಾದರು, ಜಿಮ್ ರೋಪರ್ ವಿಜೇತರೆಂದು ಘೋಷಿತರಾದರು, ಕಾರಿನ ಮಾಲೀಕರು ನ್ಯಾಯಾಲಯಕ್ಕೆ ಹೋಗಿ ಸೋತರು. ಈ ಕ್ರೀಡೆಯ ಮೊತ್ತಮೊದಲ ವಿವಾದವೇ ನೆಲದ ಮೇಲಿನ ಹಿಡಿತವನ್ನು ಕುರಿತದ್ದು ಎಂಬುದು ನೆನಪಿಡತಕ್ಕ ಸಂಗತಿ.

ಆ ಕಾಲದ ಪಥಗಳು ಬಹುಪಾಲು ಮಣ್ಣಿನವು. ಡೇಟೋನಾದ ಹಳೆಯ ಪಥವಂತೂ ಅರ್ಧ ಕಡಲತೀರದ ಮರಳು, ಅರ್ಧ ಹೆದ್ದಾರಿಯ ಡಾಂಬರು. 1936ರಲ್ಲಿ ಅಲ್ಲಿ ನಡೆದ ಮೊದಲ ಪಂದ್ಯದಲ್ಲಿ ಮರಳಿನ ತಿರುವುಗಳು ಹೊಂಡ ಬಿದ್ದು ಕಾರುಗಳು ಹೂತುಹೋದವು. ಪಂದ್ಯವನ್ನು ನಿಗದಿಗಿಂತ ಮೊದಲೇ ನಿಲ್ಲಿಸಬೇಕಾಯಿತು. ಇಂಥ ನೆಲದ ಮೇಲೆ ಚಕ್ರ ಜಾರದೆ ತಿರುಗುವುದೇ ಇಲ್ಲ. ವರ್ಜೀನಿಯಾದ ಮರದ ವ್ಯಾಪಾರಿ ಕರ್ಟಿಸ್ ಟರ್ನರ್ ಮೊದಲಾದವರು ತಿರುವು ಬರುವುದಕ್ಕೆ ಮೊದಲೇ ಕಾರನ್ನು ಅಡ್ಡಡ್ಡ ಎಸೆದು, ಮುಂದಿನ ಚಕ್ರಗಳನ್ನು ಹೊರಗೋಡೆಯ ಕಡೆಗೂ ಕಾರಿನ ಮೂತಿಯನ್ನು ಒಳಬದಿಗೂ ಹೊರಳಿಸಿ, ಆಕ್ಸಿಲರೇಟರಿನಿಂದಲೇ ದಿಕ್ಕು ಸರಿಪಡಿಸುತ್ತ ತಿರುವನ್ನು ದಾಟುತ್ತಿದ್ದರು. ಮಣ್ಣು ಕ್ಷಮಿಸುವ ನೆಲ. ಅಲ್ಲಿ ಹಿಡಿತ ಮೆಲ್ಲಗೆ ಸಡಿಲಗೊಳ್ಳುತ್ತದೆ, ಮೆಲ್ಲಗೆ ಮರಳುತ್ತದೆ. ತಪ್ಪಿದ್ದನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಡಾಂಬರು ಹಾಗಲ್ಲ. 1950ರಲ್ಲಿ ಡಾರ್ಲಿಂಗ್‌ಟನ್ ಪಥ ತೆರೆಯಿತು. 1959ರಲ್ಲಿ ಎರಡೂವರೆ ಮೈಲಿ ಸುತ್ತಳತೆಯ, ತಿರುವುಗಳಲ್ಲಿ 31 ಡಿಗ್ರಿ ಓರೆಯಾಗಿ ಎದ್ದುನಿಂತ ಹೊಸ ಡೇಟೋನಾ ಪಥ ಬಂತು. 1969ರಲ್ಲಿ ಅದಕ್ಕಿಂತ ದೊಡ್ಡದಾದ, 33 ಡಿಗ್ರಿ ಓರೆಯ ಟ್ಯಾಲಡೀಗಾ ತಲೆಯೆತ್ತಿತು. ಡಾರ್ಲಿಂಗ್‌ಟನ್ನಿನ ಮೊದಲ 500 ಮೈಲಿಗಳ ಪಂದ್ಯವನ್ನು ಗೆದ್ದವರು ವೇಗದ ಕಾರಿನವರಲ್ಲ. ಸಾಧಾರಣ ಪ್ಲಿಮತ್ ಕಾರಿಗೆ ಗಟ್ಟಿ ಟ್ರಕ್ ಟೈರುಗಳನ್ನು ಹಾಕಿಕೊಂಡು, ಉಳಿದವರ ಟೈರುಗಳು ಒಂದಾದ ಮೇಲೊಂದರಂತೆ ಸಿಡಿಯುತ್ತಿದ್ದಾಗ ಒಂದೇ ಹದದಲ್ಲಿ ಓಡಿಸಿದ ಜಾನಿ ಮಾಂಟ್ಸ್. ಟ್ಯಾಲಡೀಗಾದ ಮೊದಲ ಪಂದ್ಯದಲ್ಲಿ ಟೈರುಗಳು ಆ ವೇಗವನ್ನು ತಾಳಲಾರವು ಎಂದು ಪೆಟಿಯವರ ಮುಂದಾಳತ್ವದಲ್ಲಿ ಪ್ರಮುಖ ಚಾಲಕರು ಪಂದ್ಯವನ್ನೇ ಬಹಿಷ್ಕರಿಸಿದರು. ಪಂದ್ಯ ಬೇರೆ ಚಾಲಕರೊಂದಿಗೆ ನಡೆದೇಹೋಯಿತು. 1970ರ ಸೆಪ್ಟೆಂಬರಿನಲ್ಲಿ ರ್‍ಯಾಲಿ ನಗರದಲ್ಲಿ ನಡೆದ ಪಂದ್ಯದೊಂದಿಗೆ ಅಗ್ರ ಶ್ರೇಣಿಯಿಂದ ಮಣ್ಣಿನ ಪಥ ಮರೆಯಾಯಿತು. ಅದು ಮರಳಲು ಐವತ್ತು ವರ್ಷ ಬೇಕಾಯಿತು.

ಇಲ್ಲಿ ಹಿಡಿತವೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಒಂದೂವರೆ ಟನ್ ತೂಕದ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರಿನ ಮೂಲಕ. ಆ ರಬ್ಬರಿಗೆ ಇರುವ ಶಕ್ತಿ ಒಂದು ಮಿತಿಯೊಳಗಿನದು. ತಿರುಗಲು, ನಿಲ್ಲಿಸಲು, ಮುನ್ನುಗ್ಗಲು ಅದನ್ನೇ ಹಂಚಿಕೊಳ್ಳಬೇಕು. ತಿರುವಿನಲ್ಲಿ ಎಲ್ಲವನ್ನೂ ತಿರುಗಲಿಕ್ಕೇ ಖರ್ಚು ಮಾಡುತ್ತಿರುವಾಗ ಆಕ್ಸಿಲರೇಟರನ್ನು ಇಷ್ಟು ಹೆಚ್ಚಿಗೆ ಒತ್ತಿದರೂ ಬೊಕ್ಕಸ ಬರಿದಾಗುತ್ತದೆ. ಮುಂದಿನ ಚಕ್ರಗಳು ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೊರಗೋಡೆಯತ್ತ ಸಾಗುತ್ತದೆ. ಚಾಲಕರು ಇದನ್ನು ‘ಟೈಟ್’ ಎನ್ನುತ್ತಾರೆ. ಹಿಂದಿನ ಚಕ್ರಗಳು ಸೋತರೆ ಬಾಲ ಹೊರಗೆ ಬೀಸಿ ಕಾರು ತಿರುಗಿಬೀಳುತ್ತದೆ, ಅದು ‘ಲೂಸ್’. ಗೋಡೆಗೆ ಮೂತಿ ಬಡಿದರೆ ಟೈಟ್, ಬಾಲ ಬಡಿದರೆ ಲೂಸ್ ಎಂಬ ಹಾಸ್ಯ ಅವರಲ್ಲಿ ಹಳೆಯದು. ವೇಗಕ್ಕೆ ಬೇಕಾದದ್ದು ಲೂಸಿನ ಅಂಚಿನಲ್ಲಿರುವ ಕಾರು. ಅಂಚಿನ ಈಚೆಗೆ ಎಷ್ಟು ಹತ್ತಿರದಲ್ಲಿ ಬಾಳಬಲ್ಲೆ ಎಂಬುದೇ ಅವರ ವೃತ್ತಿ.

ಅಂಚು ದಾಟಿದಾಗ ಏನು ಮಾಡಬೇಕು? ಮೊದಲ ಪಾಠ, ಗಾಬರಿಯಿಂದ ಆಕ್ಸಿಲರೇಟರನ್ನು ಥಟ್ಟನೆ ಬಿಡಬಾರದು. ಹಾಗೆ ಬಿಟ್ಟರೆ ಕಾರಿನ ಭಾರ ಮುಂದಕ್ಕೆ ವಾಲಿ, ಮೊದಲೇ ಸೋತಿರುವ ಹಿಂದಿನ ಚಕ್ರಗಳು ಇನ್ನಷ್ಟು ಹಗುರಾಗುತ್ತವೆ. ಎರಡನೆಯದು, ಬಾಲ ಯಾವ ಕಡೆಗೆ ಜಾರುತ್ತಿದೆಯೋ ಆ ಕಡೆಗೇ ಸ್ಟೀರಿಂಗನ್ನು ತಿರುಗಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣ: ಹಿಡಿತ ಮರಳುವ ಮುನ್ನವೇ ಸ್ಟೀರಿಂಗನ್ನು ನೆಟ್ಟಗೆ ತರಬೇಕು. ಅಂಡಾಕಾರದ ಪಥದಲ್ಲಿ ಕಾರುಗಳು ಸದಾ ಎಡಕ್ಕೇ ತಿರುಗುತ್ತವೆ. ಆದುದರಿಂದ ಬಾಲ ಜಾರುವುದು ಬಲಕ್ಕೆ, ತಿದ್ದುವ ಸ್ಟೀರಿಂಗ್ ತಿರುಗುವುದೂ ಬಲಕ್ಕೆ; ಹೊರಗೋಡೆ ಇರುವುದೂ ಬಲಕ್ಕೇ. ಜಾರುತ್ತಿದ್ದ ಟೈರುಗಳು ಹಠಾತ್ತನೆ ನೆಲವನ್ನು ಕಚ್ಚಿದ ಗಳಿಗೆಯಲ್ಲಿ ಮುಂದಿನ ಚಕ್ರಗಳು ಇನ್ನೂ ಬಲಕ್ಕೇ ತಿರುಗಿದ್ದರೆ, ಕಾರು ಬಾಣದಂತೆ ಗೋಡೆಗೆ ನುಗ್ಗುತ್ತದೆ. ಗಿರಕಿಯಿಂದ ಕಾರನ್ನು ಉಳಿಸುವ ಪ್ರಯತ್ನವೇ ಗಿರಕಿಗಿಂತ ದೊಡ್ಡ ಅಪಾಯವಾಗುವುದು ಹೀಗೆ.

ಅದಕ್ಕಾಗಿಯೇ ನುರಿತವರಲ್ಲಿ ಇನ್ನೊಂದು ವಿವೇಕ ಬೆಳೆಯಿತು. ಒಂದು ಹಂತ ದಾಟಿದ ಮೇಲೆ ಕಾರನ್ನು ಉಳಿಸಲು ಹೋಗಬಾರದು, ತಿರುಗಲು ಬಿಡಬೇಕು. ಎರಡು ಕಾಲುಗಳನ್ನೂ ಕೆಳಗೊತ್ತಬೇಕು. ಬಲಗಾಲಿನಡಿ ಬ್ರೇಕ್, ಎಡಗಾಲಿನಡಿ ಕ್ಲಚ್. ತಿರುಗುವುದನ್ನೇ ನಿಲ್ಲಿಸಿದ ಚಕ್ರಕ್ಕೆ ದಿಕ್ಕೆಂಬುದಿಲ್ಲ. ನಾಲ್ಕೂ ಚಕ್ರಗಳು ಬಿಗಿದಾಗ ಕಾರು ಎತ್ತ ಮುಖ ಮಾಡಿದ್ದರೂ ಮೊದಲು ಸಾಗುತ್ತಿದ್ದ ದಾರಿಯಲ್ಲಿಯೇ ಜಾರುತ್ತದೆ. ಹಿಂದೆ ಬರುತ್ತಿರುವವರಿಗೆ ಅದು ಎಲ್ಲಿಗೆ ಹೋದೀತೆಂಬ ಅಂದಾಜು ಸಿಗುತ್ತದೆ. ಬ್ರೇಕನ್ನು ನಡುವೆ ಬಿಟ್ಟರೆ ಕಾರು ಮತ್ತೆ ಪಥದ ಮೇಲೇರಿ ಬರುವವರ ಮೂತಿಗೆ ಅಡ್ಡವಾಗಬಹುದು. ಇದಕ್ಕೆ ತೆರಬೇಕಾದ ಬೆಲೆ ಟೈರು: ಜಾರಿದೆಡೆ ಸವೆದು ಚಪ್ಪಟೆಯಾಗುತ್ತದೆ, ಸಿಡಿಯಲೂಬಹುದು. ಕ್ಲಚ್ ಒತ್ತುವುದು ಎಂಜಿನ್ ಉಳಿಯಲೆಂದು. ಪಿಯರ್ಸನ್ ಮಾಡಿದ್ದು ಇದನ್ನೇ. ಗೋಡೆ ತಪ್ಪದು ಎಂದಾದರೆ ಸ್ಟೀರಿಂಗಿನಿಂದ ಕೈ ತೆಗೆಯಬೇಕು, ಇಲ್ಲವಾದರೆ ಅದರ ಹೊಡೆತಕ್ಕೆ ಮಣಿಕಟ್ಟು ಮುರಿದೀತು. ಹಿಂದಿನವರಿಗೂ ಒಂದು ಸೂತ್ರವಿದೆ: ಗಿರಕಿ ಹೊಡೆಯುತ್ತಿರುವ ಕಾರು ಈಗ ಎಲ್ಲಿದೆಯೋ ಆ ಜಾಗಕ್ಕೇ ಗುರಿಯಿಡು, ನೀನು ತಲುಪುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಹೊಗೆ ಕವಿದು ಏನೂ ಕಾಣದಾದಾಗ ಎತ್ತರದಲ್ಲಿ ನಿಂತು ರೇಡಿಯೋದಲ್ಲಿ ಮೇಲೆ, ಕೆಳಗೆ ಎಂದು ದಾರಿ ಹೇಳುವ ಸಹಾಯಕನ ಮಾತೇ ಕಣ್ಣು.

ಇವೆಲ್ಲ ಪಂದ್ಯದ ಪಥದ ಪಾಠಗಳು. ಮುಂಬಯಿಯ ಮೊದಲ ಮಳೆಯಲ್ಲಿಯೋ ಪುಣೆಯ ಘಾಟಿಯಲ್ಲಿಯೋ ಕಾರು ಜಾರಿದವರಿಗೆ ಮೊದಲೆರಡು ಸೂತ್ರಗಳು ಸಲ್ಲುತ್ತವೆ; ಚಕ್ರ ಬಿಗಿಯುವ ಸೂತ್ರ ಸಲ್ಲದು. ಇಂದಿನ ಕಾರುಗಳಲ್ಲಿರುವ ಎಬಿಎಸ್ ಚಕ್ರಗಳು ಬಿಗಿಯದಂತೆ ತಡೆದು, ಬ್ರೇಕ್ ಒತ್ತಿಹಿಡಿದಾಗಲೂ ಸ್ಟೀರಿಂಗ್ ಮಾತು ಕೇಳುವಂತೆ ಮಾಡುತ್ತದೆ. ಪಂದ್ಯದ ಚಾಲಕ ಹಿಡಿತವನ್ನು ಬೇಕೆಂದೇ ತೊರೆಯುವುದು ಅವನ ಸುತ್ತ ಪಂಜರವೂ ಪಕ್ಕದಲ್ಲಿ ಖಾಲಿ ಬಯಲೂ ಇರುವುದರಿಂದ.

ವೇಗ ಹೆಚ್ಚುತ್ತ ಹೋದಂತೆ ಈ ಕುಶಲತೆಗೂ ಎಟುಕದ ಸ್ಥಿತಿಯೊಂದು ಎದುರಾಯಿತು. 1987ರಲ್ಲಿ ಟ್ಯಾಲಡೀಗಾದಲ್ಲಿ ಬಿಲ್ ಎಲಿಯಟ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ 212.809 ಮೈಲಿ, ಎಂದರೆ ಸುಮಾರು 342 ಕಿಲೋಮೀಟರ್ ವೇಗ ದಾಖಲಿಸಿದರು. ಅದೇ ಪಂದ್ಯದಲ್ಲಿ ಬಾಬಿ ಆಲಿಸನ್ ಅವರ ಟೈರು ಸಿಡಿದು ಕಾರು ಹಿಂದುಮುಂದಾಯಿತು, ಗಾಳಿಗೆದ್ದು ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ಹಲವು ಪ್ರೇಕ್ಷಕರು ಗಾಯಗೊಂಡರು. ಮುಂದಕ್ಕೆ ಓಡುವಾಗ ಕಾರನ್ನು ನೆಲಕ್ಕೊತ್ತುವ ಗಾಳಿಯೇ, ಕಾರು ಹಿಂದುಮುಂದಾದಾಗ ಅದನ್ನು ವಿಮಾನದ ರೆಕ್ಕೆಯಂತೆ ಎತ್ತುತ್ತದೆ. ಚಕ್ರಗಳೇ ನೆಲ ಬಿಟ್ಟ ಮೇಲೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಮರುವರ್ಷದಿಂದ ಡೇಟೋನಾ ಮತ್ತು ಟ್ಯಾಲಡೀಗಾಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ರಂಧ್ರಫಲಕ ಕಡ್ಡಾಯವಾಯಿತು. 1993ರಲ್ಲಿ ರಸ್ಟಿ ವಾಲೇಸ್ ಅವರ ಕಾರು ಈ ಎರಡೂ ಪಥಗಳಲ್ಲಿ ಪಲ್ಟಿ ಹೊಡೆದ ಮೇಲೆ, 1994ರಲ್ಲಿ ಮಾಡಿನ ಮೇಲೆ ಎರಡು ಸಣ್ಣ ಬಾಗಿಲುಗಳು ಬಂದವು. ಕಾರು ಗಿರಕಿ ಹೊಡೆದೊಡನೆ ಅವು ಗಾಳಿಯ ಒತ್ತಡದ ವ್ಯತ್ಯಾಸದಿಂದ ತಾವಾಗಿಯೇ ತೆರೆದುಕೊಂಡು, ಮೇಲೆತ್ತುವ ಬಲವನ್ನು ಮುರಿಯುತ್ತವೆ. ಚಾಲಕ ಏನನ್ನೂ ಒತ್ತಬೇಕಿಲ್ಲ. ಗಿರಕಿಯನ್ನು ಎದುರಿಸುವ ಕೆಲಸದ ಒಂದು ಪಾಲು ಹೀಗೆ ಮನುಷ್ಯನ ಕೈಯಿಂದ ಯಂತ್ರಕ್ಕೆ ವರ್ಗವಾಯಿತು.

ಆದರೆ ಗೋಡೆಗಳು ಮಾತ್ರ ಕಾಂಕ್ರೀಟಿನವಾಗಿಯೇ ಉಳಿದಿದ್ದವು. 2000ನೆಯ ಇಸವಿಯ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್ ಪಥದಲ್ಲಿ ಅಭ್ಯಾಸದ ವೇಳೆ ರಿಚರ್ಡ್ ಪೆಟಿಯವರ ಮೊಮ್ಮಗ, 19 ವರ್ಷದ ಆಡಮ್ ಪೆಟಿ ಗೋಡೆಗೆ ಬಡಿದು ತೀರಿಕೊಂಡರು. ಎರಡು ತಿಂಗಳೊಳಗೆ ಅದೇ ಪಥದಲ್ಲಿ ಕೆನಿ ಅರ್ವಿನ್ ತೀರಿಕೊಂಡರು. ಅಕ್ಟೋಬರಿನಲ್ಲಿ ಟೆಕ್ಸಸ್‌ನಲ್ಲಿ ಟೋನಿ ರೋಪರ್. ದೇಹವನ್ನು ಪಟ್ಟಿಗಳು ಸೀಟಿಗೆ ಬಿಗಿದಿದ್ದವು. ತಲೆಯನ್ನು ಹಿಡಿದಿಡುವ ಏರ್ಪಾಡು ಇರಲಿಲ್ಲ. ಕಾರು ಥಟ್ಟನೆ ನಿಂತಾಗ ತಲೆ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಕತ್ತನ್ನು ರಕ್ಷಿಸುವ ‘ಹ್ಯಾನ್ಸ್’ ಎಂಬ ಸಾಧನವನ್ನು ರಾಬರ್ಟ್ ಹಬ್ಬರ್ಡ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು ಚಾಲಕ ಜಿಮ್ ಡೌನಿಂಗ್ ಅವರೊಂದಿಗೆ 1980ರ ದಶಕದಲ್ಲಿಯೇ ರೂಪಿಸಿದ್ದರು. ಅದನ್ನು ತೊಟ್ಟವರು ಬೆರಳೆಣಿಕೆಯಷ್ಟು. ಅಪಾಯವನ್ನು ಲೆಕ್ಕಿಸದಿರುವುದೇ ಗಂಡಸುತನ ಎಂಬ ಭಾವನೆ ಆ ವಲಯದಲ್ಲಿ ಬೇರುಬಿಟ್ಟಿತ್ತು.

ಆ ಭಾವನೆಯ ಮೂರ್ತಿಯೇ ಎನ್ನಿಸಿದ್ದವರು ಏಳು ಬಾರಿ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್. ಜಾರುವ ಕಾರನ್ನು ಹತೋಟಿಗೆ ತರುವುದರಲ್ಲಿ ಅವರಿಗೆ ಸಮಾನರು ವಿರಳ. 1987ರಲ್ಲಿ ಷಾರ್ಲಟ್‌ನ ಪಂದ್ಯವೊಂದರಲ್ಲಿ ತಾಗಿಸಿಕೊಂಡು ಹುಲ್ಲಿನ ಮೇಲೆ ಜಾರಿದ ಕಾರನ್ನು, ಮುನ್ನಡೆಯನ್ನೂ ಬಿಟ್ಟುಕೊಡದೆ ಪಥಕ್ಕೆ ಮರಳಿಸಿದ್ದರು. 2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಅವರ ಕಾರು ಹಿಂದಿನಿಂದ ತಾಗಿಸಿಕೊಂಡು ಎಡಕ್ಕೆ, ಪಥದ ಕೆಳಅಂಚಿಗೆ ಜಾರಿತು. ಮರುಕ್ಷಣವೇ ಬಲಕ್ಕೆ ತಿರುಗಿ ಓರೆಯನ್ನೇರಿ, ಮತ್ತೊಂದು ಕಾರಿನೊಂದಿಗೆ ಸೇರಿ ಗೋಡೆಗೆ ಬಡಿಯಿತು. ನೋಡುವವರಿಗೆ ಅದು ಭೀಕರವಾಗಿ ಕಾಣಲಿಲ್ಲ. ಅದೇ ಪಂದ್ಯದಲ್ಲಿ ಸ್ವಲ್ಪ ಹೊತ್ತಿನ ಮೊದಲು ಟೋನಿ ಸ್ಟೂವರ್ಟ್ ಅವರ ಕಾರು ಗಾಳಿಯಲ್ಲಿ ಪಲ್ಟಿ ಹೊಡೆದಿತ್ತು, ಅವರು ಜೀವಾಪಾಯವಿಲ್ಲದೆ ಪಾರಾಗಿದ್ದರು. ಉರುಳುವ ಕಾರು ತನ್ನ ವೇಗವನ್ನು ತುಸುತುಸುವಾಗಿ ಕಳೆದುಕೊಳ್ಳುತ್ತದೆ. ಗೋಡೆಗೆ ನೇರ ಬಡಿದ ಕಾರು ಎಲ್ಲವನ್ನೂ ಒಂದೇ ಏಟಿಗೆ. ಅರ್ನ್‌ಹಾರ್ಟ್ ತಲೆಬುರುಡೆಯ ತಳ ಮುರಿದು ತೀರಿಕೊಂಡರು. ಅವರು ಹ್ಯಾನ್ಸ್ ತೊಟ್ಟಿರಲಿಲ್ಲ.

ಅಷ್ಟರವರೆಗೆ ಸತ್ತವರ ಬಗ್ಗೆ, ಅವನು ಇನ್ನೂ ಹುಡುಗ, ಅನುಭವ ಸಾಲದು, ಕಾರಿನಲ್ಲಿ ಏನೋ ದೋಷವಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಎಲ್ಲರಿಗಿಂತ ಬಲ್ಲವನೇ ಹೀಗೆ ಹೋದಾಗ ಆ ಸಮಾಧಾನಕ್ಕೆ ಜಾಗ ಉಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ತಲೆ ಮತ್ತು ಕತ್ತಿನ ರಕ್ಷಕ ಕಡ್ಡಾಯವಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾನಿಲಯದಲ್ಲಿ ಡೀನ್ ಸಿಕಿಂಗ್ ಮತ್ತು ಅವರ ಸಂಗಡಿಗರು ಅಭಿವೃದ್ಧಿಪಡಿಸಿದ, ಕಾಂಕ್ರೀಟಿನ ಮುಂದೆ ಉಕ್ಕಿನ ಕೊಳವೆಗಳನ್ನೂ ನಡುವೆ ಫೋಮಿನ ತುಂಡುಗಳನ್ನೂ ಜೋಡಿಸಿದ ‘ಸೇಫರ್’ ಗೋಡೆ 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ನಿಂತಿತು. ಕೆಲವೇ ವರ್ಷಗಳಲ್ಲಿ ಉಳಿದ ಅಂಡಾಕಾರದ ಪಥಗಳಿಗೂ ಹಬ್ಬಿತು. ಏಟು ಬಿದ್ದಾಗ ಅದು ತುಸು ಬಾಗುತ್ತದೆ. ಆ ತುಸುವಿನಲ್ಲಿಯೇ ಒಂದು ಜೀವದಷ್ಟು ಅಂತರವಿದೆ. 2001ರ ಆ ದಿನದ ನಂತರ ನಾಸ್ಕಾರ್‌ನ ಅಗ್ರ ಶ್ರೇಣಿಯ ಪಂದ್ಯಗಳಲ್ಲಿ ಯಾವ ಚಾಲಕರೂ ಪಥದ ಮೇಲೆ ಪ್ರಾಣ ಕಳೆದುಕೊಂಡಿಲ್ಲ. ಅಪಘಾತಗಳೇನೂ ನಿಂತಿಲ್ಲ, 2009ರಲ್ಲಿ ಟ್ಯಾಲಡೀಗಾದಲ್ಲಿ ಗಾಳಿಗೆದ್ದು ತಂತಿಬೇಲಿಗೆ ಬಡಿದ ಕಾರ್ಲ್ ಎಡ್ವರ್ಡ್ಸ್, ಕಾರಿನಿಂದಿಳಿದು ಓಡುತ್ತಲೇ ಗೆರೆ ದಾಟಿದರು.

ಪಾಠ ಮುಗಿಯಿತು ಎನ್ನುವಂತಿಲ್ಲ. 2022ರಲ್ಲಿ ಬಂದ ಹೊಸ ಮಾದರಿಯ ಕಾರು ಹಿಂದಿನದಕ್ಕಿಂತ ಗಟ್ಟಿ. ಆದರೆ ಅದರ ಹಿಂಭಾಗ ಹೊಡೆತವನ್ನು ತಾನು ನುಂಗದೆ ಚಾಲಕನಿಗೆ ದಾಟಿಸುತ್ತಿತ್ತು. ಆ ವರ್ಷದ ಜುಲೈಯಲ್ಲಿ ಪೊಕೊನೊ ಪಥದ ಅರ್ಹತಾ ಸುತ್ತಿನಲ್ಲಿ ಗಿರಕಿ ಹೊಡೆದು ಹಿಂಬದಿಯಿಂದ ಗೋಡೆಗೆ ಬಡಿದ ಕರ್ಟ್ ಬುಷ್, ಮಿದುಳಿಗಾದ ಪೆಟ್ಟಿನಿಂದಾಗಿ ಪೂರ್ಣಾವಧಿಯ ಓಟಕ್ಕೆ ಮರಳಲಾಗಲಿಲ್ಲ. ಮರುವರ್ಷ ಹಿಂಭಾಗದ ರಚನೆಯನ್ನು ಮೆದುಗೊಳಿಸಲಾಯಿತು. ಅದೇ ಹೊತ್ತಿಗೆ, ಮಣ್ಣಿನ ಪಥಗಳಲ್ಲಿ ಪಳಗಿ ಬಂದ ಕೈಲ್ ಲಾರ್ಸನ್‌ರಂಥವರು ಇಂದಿಗೂ ಜಾರುವ ಕಾರಿನ ಮೇಲೆ ಉಳಿದವರಿಗಿಂತ ಹೆಚ್ಚು ನೆಮ್ಮದಿಯಿಂದಿರುತ್ತಾರೆ. ಟರ್ನರ್ ಕಾಲದ ವಿದ್ಯೆ ಸತ್ತಿಲ್ಲ.

ಈ ಚರಿತ್ರೆಯಲ್ಲಿ ಕುಶಲತೆಗೆ ಬೆಲೆ ಇಲ್ಲವೆಂದಲ್ಲ. ಕುಶಲತೆಯನ್ನು ಹೊಗಳುವ ನೆಪದಲ್ಲಿ ಗೋಡೆಯನ್ನು ಗಟ್ಟಿಯಾಗಿಯೇ ಉಳಿಸಿಕೊಳ್ಳುವುದು ಸುಲಭ ಎಂಬುದನ್ನು ಅದು ತೋರಿಸುತ್ತದೆ. ಚೆನ್ನಾಗಿ ಬಲ್ಲವನು ಬೀಳುವುದಿಲ್ಲ ಎಂದು ನಂಬಿರುವಷ್ಟು ಕಾಲ, ಬಿದ್ದವನದೇ ತಪ್ಪು ಎಂದು ಹೇಳಿ ಮುಂದೆ ಸಾಗಬಹುದು. ಬಲ್ಲವನೂ ಬೀಳುತ್ತಾನೆ ಎಂದು ಒಪ್ಪಿಕೊಂಡ ಮೇಲೆ ಅವನು ಬೀಳುವ ಜಾಗವನ್ನು ಮೆದುವಾಗಿಸುವ ಕೆಲಸ ಉಳಿದವರ ಪಾಲಿಗೆ ಬರುತ್ತದೆ. ಸ್ಟಾಕ್ ಕಾರ್ ಲೋಕ ಆ ಕೆಲಸಕ್ಕೆ ಮನಸ್ಸು ಕೊಟ್ಟದ್ದು ಅರ್ಧ ಶತಮಾನ ಕಳೆದ ಮೇಲೆ, ತನ್ನ ಅತ್ಯುತ್ತಮ ಚಾಲಕರಲ್ಲೊಬ್ಬರನ್ನು ಕಳೆದುಕೊಂಡು.